ಗವಸಿನ ಸದ್ದು

ಠಪ್ಪೆಂದು ಸದ್ದಾಯಿತು. ಅದು ತಗಡಿನ ಮಾಡಿಗೆ ತಾಗಿ, ಬೇಲಿ ದಾಟಿ, ನಾಟಿ ಮುಗಿದ ಗದ್ದೆಗಳ ಮೇಲೆ ಹಾದು ಹೋಯಿತು. ಗದ್ದೆಯ ಕಪ್ಪೆಗಳು ಒಂದು ಗಳಿಗೆ ಬಾಯಿ ಮುಚ್ಚಿದವು. ಶೂಹೇ ಎಸೆದ ಭಂಗಿಯಲ್ಲೇ, ಬಲಗೈಯನ್ನು ಎಡಮೊಣಕಾಲಿನ ಪಕ್ಕ ಇಳಿಬಿಟ್ಟು, ಸದ್ದು ಪೂರ್ತಿ ಆರುವವರೆಗೆ ಕಣ್ಣು ಮುಚ್ಚಿ ನಿಂತ.

"ಒಳ್ಳೇ ಚೆಂಡು ಕಣೋ," ಎಂದು ಆ ತುದಿಯಲ್ಲಿ ಗವಸು ಒಡ್ಡಿ ಕುಕ್ಕರಗಾಲಿನಲ್ಲಿ ಕೂತಿದ್ದ ತೊಕುನಾಗಾ ಕೂಗಿ ಚೆಂಡನ್ನು ವಾಪಸ್ ಎಸೆದರು. "ಕೈಗೆ ಬೆಂಕಿ ಹಚ್ಚಿಬಿಟ್ಟೆ."

ಇದು ಅವರು ಚೆಂಡೆಸೆಯುವ ಎಲ್ಲ ಪಿಚರ್‌ಗಳಿಗೂ ಹೇಳುವ ಮಾತು. ಶೂಹೇಗೆ ಅದು ಗೊತ್ತಿಲ್ಲದೇನಲ್ಲ. ಆದರೂ ದಿನಾ ಕೇಳುತ್ತಿದ್ದ, ದಿನಾ ನಂಬುತ್ತಿದ್ದ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಂಬದೆ ಇನ್ಯಾವಾಗ ನಂಬಬೇಕು?

ಆ ಸದ್ದೊಂದು ಕಿವಿಗೆ ಬಿದ್ದರೆ ಸಾಕು, ಅವನು ನದಿದಂಡೆಯ ಈ ಮೈದಾನದಲ್ಲಿ ಇರುತ್ತಿರಲಿಲ್ಲ. ಇಲ್ಲಿ ಆಡುವುದು ಬೇಸ್‌ಬಾಲ್ ಕ್ಲಬ್ಬಿನ ಎರಡನೇ ತಂಡ. ಪಂದ್ಯ ನೋಡಲು ಬರುವವರು ನಾಯಿ ಓಡಾಡಿಸುವ ಮುದುಕರು, ಮತ್ತು ಸೈಕಲ್ ನಿಲ್ಲಿಸಿ ಬೆವರು ಒರೆಸಿಕೊಳ್ಳುವ ಮೀನು ಮಾರುವವನು. ಆದರೆ ಠಪ್ಪೆಂದ ಕೂಡಲೇ ಶೂಹೇಯ ಸುತ್ತ ಮೊದಲ ತಂಡದ ದೊಡ್ಡ ಮೈದಾನ ಎದ್ದು ನಿಲ್ಲುತ್ತಿತ್ತು. ದೀಪದ ಕಂಬಗಳು, ಮಂಜಿನ ಹಾಗೆ ಮೇಲೇಳುವ ಜನರ ಉಸಿರು, ಧ್ವನಿವರ್ಧಕದಲ್ಲಿ ಹೆಂಗಸೊಬ್ಬಳು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳುವ ಅವನ ಹೆಸರು: ಪಿಚರ್, ಮಿನೆಗಿಶಿ. ಅವನು ಕಟ್ಟಿದ್ದು ಗಾಳಿಗೋಪುರವೇ ಇರಬಹುದು, ಆದರೆ ಮೂರೂವರೆ ವರ್ಷದಿಂದ ಕಟ್ಟುತ್ತಿದ್ದುದರಿಂದ ಅದರ ಮೆಟ್ಟಿಲುಗಳೆಲ್ಲ ಅವನ ಕಾಲಿಗೆ ರೂಢಿಯಾಗಿದ್ದವು.

ಪಕ್ಕದಲ್ಲಿ ಬಿಯರ್ ಬಾಟಲಿಯ ಕ್ರೇಟೊಂದನ್ನು ಮಗುಚಿ ಹಾಕಿ, ಪಿಚರ್‌ಗಳಿಗೆ ಬೆನ್ನು ತಿರುಗಿಸಿ ಕೂತವರು ಪಿಚಿಂಗ್ ಕೋಚ್ ಉಜಿಹಾರಾ. ಅವರು ಪಿಚರ್‌ಗಳನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. "ಕಣ್ಣಿಗೆ ಬೇಕಾದ್ದು ಕಾಣುತ್ತೆ. ಕಿವಿಗೆ ಇದ್ದದ್ದು ಕೇಳುತ್ತೆ," ಎನ್ನುವುದು ಅವರ ಮಾತು. ವೇಗ ಅಳೆಯುವ ಯಂತ್ರವೊಂದನ್ನು ಕ್ಲಬ್ಬಿನವರು ಅಮೆರಿಕದಿಂದ ತರಿಸಿ ಕೊಟ್ಟಿದ್ದರು. ತಾವು ಓದುವ ಪೇಪರ್ ಗಾಳಿಗೆ ಹಾರದಂತೆ ಉಜಿಹಾರಾ ಅದನ್ನು ಮೇಲಿಡುತ್ತಿದ್ದರು. ಪೇಪರಿನ ಹಾಳೆ ಮಗುಚುತ್ತಲೇ, "ಹಾಸುನುಮಾ, ನಿನ್ನೆ ಕುಡಿದಿದ್ದೀಯ," ಎಂದುಬಿಡುವರು. ಅವನು ಕುಡಿದಿರುತ್ತಿದ್ದ. ಎರಡನೇ ತಂಡದಿಂದ ಮೊದಲ ತಂಡಕ್ಕೆ ಯಾರು ಹೋಗಬೇಕೆಂದು ತೀರ್ಮಾನಿಸುತ್ತಿದ್ದುದು ಆ ಎರಡು ಕಿವಿಗಳೇ.

ಹಾಗಾಗಿಯೇ ಪಿಚರ್‌ಗಳೆಲ್ಲ ತೊಕುನಾಗಾ ಅವರನ್ನು ಹಬ್ಬಕ್ಕೆ ಬಂದ ಹಿರಿಯರ ಹಾಗೆ ನೋಡಿಕೊಳ್ಳುತ್ತಿದ್ದರು. ಮೂವತ್ತು ವರ್ಷದ ಹಿಂದೆ ಕ್ಯಾಚರ್ ಆಗಿ ತಂಡ ಸೇರಿದವರು, ಮೊದಲ ತಂಡದಲ್ಲಿ ಒಂದೇ ಒಂದು ಪಂದ್ಯ ಆಡದೆ, ಅಭ್ಯಾಸದಲ್ಲಿ ಚೆಂಡು ಹಿಡಿಯುತ್ತಲೇ ಉಳಿದುಬಿಟ್ಟಿದ್ದರು. ಇಂಥವರನ್ನು ಆಟಗಾರರು 'ಗೋಡೆ' ಎನ್ನುತ್ತಾರೆ. ಆದರೆ ಈ ಗೋಡೆಗೆ ಬಂದಂಥ ವಿದ್ಯೆ ಬೇರೆ ಯಾರಿಗೂ ಬಂದಿರಲಿಲ್ಲ. ಚೆಂಡು ತಾನಾಗಿ ಬಂದು ಗವಸಿಗೆ ಬೀಳಲು ಅವರು ಬಿಡುತ್ತಿರಲಿಲ್ಲ. ಕೂದಲೆಳೆಯಷ್ಟು ಮುಂದೆ ಹೋಗಿ, ಚರ್ಮ ತೆಳುವಾಗಿ ಬಿಗಿದಿರುವ ಕಡೆ, ತೋರುಬೆರಳಿನ ಬುಡದಲ್ಲೇ ಹಿಡಿಯುತ್ತಿದ್ದರು. ಅಲ್ಲಿ ಹಿಡಿದರೆ ಸದ್ದು ಬರುತ್ತದೆ, ಬೆರಳೂ ಹೋಗುತ್ತದೆ. ಅವರ ಎಡಗೈ ತೋರುಬೆರಳು ಹೊರಗಡೆಗೆ ಸೊಟ್ಟಗೆ ತಿರುಗಿಕೊಂಡು, ಸದಾ ಇನ್ಯಾರಿಗೋ ದಾರಿ ತೋರಿಸುವಂತಿತ್ತು.

ಮೊದಲ ತಂಡದಲ್ಲಿ ಪಿಚರ್ ಒಬ್ಬನಿಗೆ ಭುಜ ಹಿಡಿದುಕೊಂಡಿದೆ, ಭಾನುವಾರದ ಪಂದ್ಯಕ್ಕೆ ಇಲ್ಲಿಂದ ಒಬ್ಬ ಬೇಕು ಎಂಬ ಸುದ್ದಿ ಸೋಮವಾರವೇ ಬಂದಿತ್ತು. ಗುರುವಾರ ಬೆಳಿಗ್ಗೆ ಉಜಿಹಾರಾ ಕೇಳಿ ಆರಿಸುತ್ತಾರೆ. ಹಾಸುನುಮಾ, ಇಲ್ಲವೇ ಶೂಹೇ. ಇದು ಶೂಹೇಯ ನಾಲ್ಕನೇ ವರ್ಷ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಮೇಲೆ ಹೋಗದವನಿಗೆ ಅಕ್ಟೋಬರ್ ತಿಂಗಳಲ್ಲಿ ಆಫೀಸಿನಿಂದ ಫೋನ್ ಬರುತ್ತದೆ: ನಾಳೆ ಸೂಟು ಹಾಕಿಕೊಂಡು ಬಾ. ಸೂಟು ಎಂದರೆ ಮುಗಿಯಿತು ಎಂದೇ ಅರ್ಥ, ಮುಂದಿನ ಮಾತು ಬರೀ ಮರ್ಯಾದೆಗೆ. ಶೂಹೇಯ ಕಪಾಟಿನಲ್ಲಿ ಶಾಲೆ ಮುಗಿದಾಗ ಹೊಲಿಸಿದ ಸೂಟೊಂದಿತ್ತು. ಕಪಾಟು ತೆಗೆದಾಗಲೆಲ್ಲ ಅವನು ಆ ಕಡೆ ಕಣ್ಣು ಹಾಯಿಸದೆ ಅಂಗಿ ಎಳೆದುಕೊಳ್ಳುತ್ತಿದ್ದ.

ಮಂಗಳವಾರ ಅಭ್ಯಾಸ ಮುಗಿದ ಮೇಲೆ ನಲ್ಲಿಯ ಹತ್ತಿರ ತೊಕುನಾಗಾ ಎಡಗೈಯನ್ನು ತಣ್ಣೀರಿಗೆ ಒಡ್ಡಿ ನಿಂತಿದ್ದರು. ಶೂಹೇ ಕಾಲಿನ ಮಣ್ಣು ತೊಳೆಯಲು ಬಂದ.

"ಎಷ್ಟು ದಿನ ಆಯ್ತು?" ಎಂದು ತೊಕುನಾಗಾ ಕೇಳಿದರು.

"ಏನು, ತೊಕು ಸಾನ್?"

"ನಾಟಕ ಆಡ್ಬೇಡ. ನಿನ್ನ ಚೆಂಡು ನಿನ್ನ ಹೆತ್ತಮ್ಮನಿಗಿಂತ ನಂಗೆ ಚೆನ್ನಾಗಿ ಗೊತ್ತು. ಕೊನೇ ಎರಡು ಮೀಟರಲ್ಲಿ ಪ್ರಾಣ ಬಿಡ್ತಾ ಇದೆ ಅದು."

ಶೂಹೇ ಕಾಲು ತೊಳೆಯುವುದನ್ನು ನಿಲ್ಲಿಸಿದ.

"ಮೂರು ವಾರ."

"ಎಲ್ಲಿ?"

"ಮೊಣಕೈ ಒಳಗಡೆ. ಬೆಳಗ್ಗೆ ಎದ್ರೆ ಈ ಎರಡು ಬೆರಳು ಇದಾವೋ ಇಲ್ವೋ ಅಂತಾನೇ ಗೊತ್ತಾಗಲ್ಲ."

"ಊಟದ ಕಡ್ಡಿ ಹಿಡಿಯಕ್ಕಾಗುತ್ತಾ?"

"ಕರ್ರಿ ಕಲಸಿದ ಅನ್ನ ತಿಂತೀನಿ. ಸ್ಪೂನಲ್ಲಿ."

"ಮೂರು ವಾರದಿಂದ ಕರ್ರಿ ಅನ್ನಾನಾ?"

"ನಂಗಿಷ್ಟ ಅಂತ ಅಡುಗೆಯವರಿಗೆ ಹೇಳಿದೀನಿ. ಪಾಪ, ಎರಡೆರಡು ಸಲ ಬಡಿಸ್ತಾರೆ."

ತೊಕುನಾಗಾ ನಕ್ಕರು. ನಕ್ಕು ಮುಗಿಸಿ ನಲ್ಲಿ ನಿಲ್ಲಿಸಿದರು. ಅವರ ಅಂಗೈ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತ್ತು.

"ಹನ್ನೊಂದು ವರ್ಷದ ಹಿಂದೆ ಒಬ್ಬ ಇದ್ದ," ಎಂದರು. "ನಿನ್ನ ಹಾಗೇ ಕೈ ನೋವು, ಗವಸಲ್ಲಿ ಸದ್ದು ಮಾಡ್ಸಿ ಅಂತ ಬಂದು ಕೇಳ್ಕೊಂಡ. ನಾನೂ ಸದ್ದು ಮಾಡ್ಸಿದೆ. ಮೇಲೆ ಹೋದ, ಎರಡನೇ ಇನಿಂಗ್ಸಲ್ಲಿ ಕೈ ಹೋಯ್ತು. ಟೀವಿಲಿ ನೋಡ್ತಿದ್ದೆ ನಾನು. ಈಗ್ಲೂ ಪ್ರತಿ ಹೊಸ ವರ್ಷಕ್ಕೆ ನಂಗೆ ಕಾರ್ಡ್ ಹಾಕ್ತಾನೆ. ಎಡಗೈಲಿ ಬರೀತಾನೆ. ಮೊದಮೊದಲು ಮಕ್ಕಳ ಅಕ್ಷರ ಇದ್ದ ಹಾಗಿತ್ತು, ಈಗ ಪರವಾಗಿಲ್ಲ, ಸುಧಾರಿಸಿದೆ."

ಶೂಹೇಗೆ ಆ ಕಾರ್ಡಿನ ಅಕ್ಷರ ಕಣ್ಣಿಗೆ ಕಟ್ಟಿತು. ಆದರೆ ಅದರ ಹಿಂದೆಯೇ ದೀಪದ ಕಂಬಗಳೂ ಕಂಡವು. ಒಂಬತ್ತರಲ್ಲಿ ಎರಡು ಇನಿಂಗ್ಸ್ ಎಂದರೇನು ಕಡಿಮೆಯೇ? ಅಷ್ಟಾದರೂ ಆಡಿದನಲ್ಲ, ಪುಣ್ಯವಂತ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವನಿಗೇ ನಾಚಿಕೆಯಾಯಿತು, ಆದರೆ ಅನ್ನಿಸಿದ್ದೇನೋ ನಿಜ.

ಅವನು ಒದ್ದೆ ಕಾಲಿನಲ್ಲೇ ನೆಟ್ಟಗೆ ನಿಂತು, ಸೊಂಟದವರೆಗೆ ಬಗ್ಗಿ ತಲೆ ಬಾಗಿಸಿದ. "ಗುರುವಾರ ಒಂದಿನ, ತೊಕು ಸಾನ್. ಇನ್ಯಾವತ್ತೂ ಕೇಳಲ್ಲ."

"ತಲೆ ಎತ್ತೋ ಮಾರಾಯ. ಗೋಡೆಗೆ ಯಾರಾದ್ರೂ ತಲೆ ಬಾಗಿಸ್ತಾರಾ?"

"ಮಾಡ್ತೀನಿ ಅಂತ ಹೇಳಿ."

ತೊಕುನಾಗಾ ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ಮಾಡ್ತೀನಿ. ನಂಗೆ ಬರೋದು ಅದೊಂದೇ ಕೆಲಸ," ಎಂದರು. "ಹಿಡಿಯೋ ತನಕ ನಂದು. ಆಮೇಲಿಂದು ನಿಂದು."

ಬುಧವಾರ ಸಂಜೆ ಹಾಸ್ಟೆಲಿನ ಫೋನಿನಲ್ಲಿ ಅಮ್ಮ ಸಿಕ್ಕಳು. ಉತ್ತರದ ಮೀನುಗಾರರ ಊರಿನಲ್ಲಿ ಅವಳದ್ದೊಂದು ಕ್ಷೌರದಂಗಡಿ. ಅಪ್ಪ ತೀರಿಕೊಂಡ ಮೇಲೆ ಎರಡು ಕುರ್ಚಿಗಳಲ್ಲಿ ಒಂದನ್ನು ತೆಗೆಸಿ, ಉಳಿದ ಒಂದರಲ್ಲೇ ಊರಿನ ಅರ್ಧ ತಲೆಗಳನ್ನು ನಿಭಾಯಿಸುತ್ತಿದ್ದಳು.

"ಭಾನುವಾರ ಅಂಗಡಿ ಮುಚ್ತೀನಿ," ಎಂದಳು.

"ಭಾನುವಾರಾನಾ? ಜನ ಜಾಸ್ತಿ ಬರೋ ದಿನ ಅಮ್ಮ."

"ಬರ್ಲಿ, ಬಂದು ಹೋಗ್ಲಿ. ಒಂದು ವಾರ ಕೂದಲು ಬೆಳೆದ್ರೆ ಯಾರ ದೋಣೀನೂ ಮುಳುಗಲ್ಲ. ಶನಿವಾರದ ರೈಲಿಗೆ ಟಿಕೆಟ್ ತಗೊಂಡಿದೀನಿ."

"ಇನ್ನೂ ನಿಶ್ಚಯ ಆಗಿಲ್ಲ ಅಂದ್ನಲ್ಲ."

"ಆಗುತ್ತೆ ಬಿಡು. ನೀನು ಮಾತಾಡೋ ಧಾಟೀಲೇ ಗೊತ್ತಾಗುತ್ತೆ." ಆ ಕಡೆ ಕತ್ತರಿ ಟಿಕ್ ಟಿಕ್ ಎನ್ನುತ್ತಿತ್ತು. ಫೋನನ್ನು ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು ಯಾರದೋ ಕೂದಲು ಕತ್ತರಿಸುತ್ತಿದ್ದಳು. "ಕೈ ಹೇಗಿದೆ?"

"ಚೆನ್ನಾಗಿದೆ," ಎಂದ ಶೂಹೇ, ಫೋನನ್ನು ಎಡಗೈಯಲ್ಲಿ ಹಿಡಿದುಕೊಂಡು.

"ಮತ್ತೆ? ನಾನು ಹೇಳ್ಲಿಲ್ವಾ?" ಎಂದು ಅಮ್ಮ ಕುರ್ಚಿಯಲ್ಲಿ ಕೂತವನಿಗೆ ಹೇಳಿದಳು.

ಗುರುವಾರ ಬೆಳಿಗ್ಗೆ ಮಳೆ ನಿಂತು ನದಿಯ ಮೇಲಿನಿಂದ ಮಂಜು ಹತ್ತಿ ಬಂದಿತ್ತು. ಬೇಲಿ ಕಾಣುತ್ತಿತ್ತು, ಬೇಲಿಯಾಚೆ ಏನೂ ಇರಲಿಲ್ಲ. ಶೂಹೇ ಕಿರುಬೆರಳನ್ನೂ ಉಂಗುರ ಬೆರಳನ್ನೂ ಬಿಸಿನೀರಿನಲ್ಲಿ ಅದ್ದಿ, ತಿಕ್ಕಿ, ಕಂಕುಳಲ್ಲಿಟ್ಟುಕೊಂಡು ಬಂದಿದ್ದ. ಹಾಸುನುಮಾ ಮೊದಲು ಎಸೆದ. ಅವನದು ಒರಟು ಸದ್ದು, ಬಾಗಿಲು ಒದ್ದ ಹಾಗೆ. ಉಜಿಹಾರಾ ಕ್ರೀಡೆಯ ಪುಟ ಬಿಟ್ಟು ಅಡುಗೆಯ ಪುಟಕ್ಕೆ ಹೋಗಿದ್ದರು. "ಹೂಂ," ಎಂದರು. "ಮಿನೆಗಿಶಿ."

ಶೂಹೇ ಚೆಂಡೆಸೆಯುವ ದಿಬ್ಬ ಹತ್ತಿದ. ತೊಕುನಾಗಾ ಕುಕ್ಕರಗಾಲಿನಲ್ಲಿ ಕೂತು ಗವಸನ್ನು ಎದೆಯ ಮುಂದೆ ಒಡ್ಡಿದರು. ಆ ಗವಸು ಮಂಜಿನಲ್ಲಿ ಕಂದುಬಣ್ಣದ ಹೂವಿನ ಹಾಗೆ ಅರಳಿ ನಿಂತಿತು.

ಮೊದಲ ಚೆಂಡಿಗೇ ಬಂದ ಸದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಎರಡನೆಯದು ಅದಕ್ಕಿಂತ ಚೆನ್ನಾಗಿತ್ತು. ಮಂಜು ಸದ್ದನ್ನು ಹೊರಗೆ ಬಿಡದೆ ಮಾಡಿನ ಕೆಳಗೇ ತುಂಬಿಕೊಂಡಿತ್ತು. ಐದು, ಆರು, ಹತ್ತು. ಮೊಣಕೈಯಲ್ಲಿ ನೋವಿತ್ತೋ ಇಲ್ಲವೋ, ಇದ್ದರೂ ಅದು ದೂರದ ಮನೆಯಲ್ಲಿ ಯಾರೋ ಅಳುತ್ತಿರುವಷ್ಟು ಸಣ್ಣದಾಗಿತ್ತು. ಬೇಲಿಯಾಚೆ ಏನೂ ಇಲ್ಲದಿದ್ದುದೇ ಒಳ್ಳೆಯದಾಯಿತು. ಅಲ್ಲಿ ಈಗ ನಲವತ್ತು ಸಾವಿರ ಜನ ಕೂತಿದ್ದರು. ಅಮ್ಮ ಹತ್ತನೇ ಸಾಲಿನಲ್ಲಿದ್ದಳು, ಮುಂದಿನವರ ಕುತ್ತಿಗೆಯ ಕೂದಲು ಸರಿಯಾಗಿ ಕತ್ತರಿಸಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದಳು. ಹೆಂಗಸಿನ ಧ್ವನಿ ಅವನ ಹೆಸರು ಹೇಳಿತು. ಇದು ಹೀಗೇ ಇರಲಿ, ಯಾರೂ ಎಬ್ಬಿಸದಿರಲಿ ಎಂದು ಅವನು ಬೇಡಿಕೊಂಡ, ಯಾರನ್ನೆಂದು ತಿಳಿಯದೆ. ಹದಿನೈದು. ಹದಿನಾರು.

ಹದಿನೇಳನೆಯ ಚೆಂಡು ಕೈಯಿಂದ ಜಾರಿತು.

ಬೆರಳು ಅದನ್ನು ಬಿಟ್ಟದ್ದೇ ಅವನಿಗೆ ಗೊತ್ತಾಗಲಿಲ್ಲ. ಕಣ್ಣಿಗೆ ಮಾತ್ರ ಕಂಡಿತು. ಚೆಂಡು ಸೊಂಪಾಗಿ, ಯಾವ ಅವಸರವೂ ಇಲ್ಲದೆ, ಅಕ್ಕ ತಮ್ಮನಿಗೆ ಎಸೆದ ಕಿತ್ತಳೆಯ ಹಾಗೆ ತೇಲಿಕೊಂಡು ಹೋಯಿತು. ಹೊಲಿಗೆಯ ಕೆಂಪು ದಾರವನ್ನು ಎಣಿಸಬಹುದಿತ್ತು. ಮುಗಿಯಿತು ಎಂದುಕೊಂಡ ಶೂಹೇ.

ಠಪ್.

ಅದೇ ಸದ್ದು. ಉಳಿದ ಹದಿನಾರರಷ್ಟೇ ಚೊಕ್ಕ, ಅಷ್ಟೇ ದೊಡ್ಡದು. ಒಂದು ಕೂದಲೆಳೆಯಷ್ಟೂ ಕಡಿಮೆಯಿರಲಿಲ್ಲ.

"ಒಳ್ಳೇ ಚೆಂಡು," ಎಂದರು ತೊಕುನಾಗಾ.

ಉಜಿಹಾರಾ ಪೇಪರ್ ಮಡಚಿ ಎದ್ದರು. "ಸಾಕು. ಮಿನೆಗಿಶಿ, ಭಾನುವಾರಕ್ಕೆ ನೀನು. ಬ್ಯಾಗ್ ಕಟ್ಕೋ. ನಾನು ಫೋನ್ ಮಾಡಿ ಹೇಳ್ತೀನಿ," ಎಂದರು. ಹಾಸುನುಮಾ ಬಂದು ಶೂಹೇಯ ಬೆನ್ನಿಗೆ ಗುದ್ದಿ, "ನಮ್ಮನ್ನೆಲ್ಲ ಮರೀಬೇಡ ಕಣೋ ದೊಡ್ಡ ಮನುಷ್ಯ," ಎಂದು ಸಪ್ಪೆ ಮುಖದಲ್ಲೇ ನಕ್ಕು ಸ್ನಾನದ ಮನೆಯ ಕಡೆಗೆ ಹೋದ. ಉಜಿಹಾರಾ ಸೊಂಟದ ಹಿಂದೆ ಕೈ ಕಟ್ಟಿಕೊಂಡು ಆಫೀಸಿನ ಕಡೆಗೆ ಮೆಲ್ಲನೆ ಹೆಜ್ಜೆ ಹಾಕಿದರು.

ಬಯಸಿದ್ದೆಲ್ಲ ಕೈಗೆ ಬಂದಿತ್ತು. ಶೂಹೇ ದಿಬ್ಬದ ಮೇಲೆ ಮರದ ಹಾಗೆ ನಿಂತಿದ್ದ. ಖುಷಿ ಬರಬೇಕಿತ್ತು, ಅದಕ್ಕಾಗಿ ಸ್ವಲ್ಪ ಹೊತ್ತು ಕಾದ ಕೂಡ. ಬಂದದ್ದು ಬೇರೆಯೇ ಒಂದು ಭಯ. ಕೈ ಹೋಗುತ್ತದೆ ಎಂಬ ಭಯವಲ್ಲ, ಸೂಟಿನ ಭಯವೂ ಅಲ್ಲ. ಸತ್ತ ಚೆಂಡಿಗೂ ಇದೇ ಸದ್ದು ಬರುವುದಾದರೆ, ಇಷ್ಟು ವರ್ಷ ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ ಸದ್ದುಗಳಲ್ಲಿ ಅವನದು ಎಷ್ಟು? ಮೊದಲ ದಿನದ್ದು ಅವನದೇ? ಕಳೆದ ವರ್ಷ ಬೇಸಿಗೆಯಲ್ಲಿ, ಜ್ವರ ಬಿಟ್ಟು ಎದ್ದ ಮರುದಿನ ಬಂದದ್ದು? ಆ ದೊಡ್ಡ ಮೈದಾನವನ್ನು ಅವನು ಯಾರ ಬೆರಳಿನ ಮೇಲೆ ಕಟ್ಟಿದ್ದ? ಭಾನುವಾರ ಅಮ್ಮ ರೈಲಿಳಿದು ಬಂದು ಏನನ್ನು ನೋಡುತ್ತಾಳೆ?

ಆ ತುದಿಯಲ್ಲಿ ತೊಕುನಾಗಾ ಗವಸು ಕಳಚಿ, ಎಡಗೈಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಕೇಳಿದ್ದನ್ನು ಮಾಡಿಕೊಟ್ಟಿದ್ದರು, ಅಷ್ಟೇ.

"ತೊಕು ಸಾನ್," ಎಂದ ಶೂಹೇ. "ಇನ್ನೊಂದು."

"ಆಯ್ತಲ್ಲೋ. ಹೋಗು, ಬ್ಯಾಗ್ ಕಟ್ಟು."

"ಇನ್ನೊಂದೇ ಒಂದು. ನೀವೇನೂ ಮಾಡ್ಬೇಡಿ. ಬಂದ ಹಾಗೆ ಹಿಡ್ಕೊಳಿ."

ತೊಕುನಾಗಾ ಒಮ್ಮೆ ಅವನನ್ನು ನೋಡಿದರು, ಒಮ್ಮೆ ಮಂಜಿನೊಳಗೆ ಹೋಗುತ್ತಿದ್ದ ಉಜಿಹಾರಾ ಅವರ ಬೆನ್ನನ್ನು ನೋಡಿದರು. ಎದ್ದು ಎರಡು ಹೆಜ್ಜೆ ಮುಂದೆ ಬಂದು ದನಿ ತಗ್ಗಿಸಿದರು. "ಅವರಿನ್ನೂ ಬಾಗಿಲು ದಾಟಿಲ್ಲ ಕಣಪ್ಪ. ಐದು ನಿಮಿಷ ತಾಳು. ಒಳಗೆ ಹೋಗ್ಲಿ, ಫೋನ್ ಮಾಡ್ಲಿ. ಆಮೇಲೆ ನೀನು ಹೇಳಿದ ಹಾಗೆ ಹಿಡೀತೀನಿ. ಬೇಕಾದ್ರೆ ನೂರು ಹಿಡೀತೀನಿ."

"ಇಲ್ಲ. ಈಗ."

"ಬುದ್ಧಿ ಇದೆಯಾ ನಿಂಗೆ?"

"ನಂದು ಹೇಗಿದೆ ಅಂತ ನಾನು ಒಂದ್ಸಲಾನೂ ಕೇಳಿಲ್ಲ, ತೊಕು ಸಾನ್."

ತೊಕುನಾಗಾ ಅಲ್ಲೇ ನಿಂತರು. ಹಿಂದೆ ಹೋಗಿ ಕೂತು, ಗವಸಿಗೆ ಮೆಲ್ಲನೆ ಕೈ ತೂರಿಸಿದರು. ಈ ಸಲ ಅದನ್ನು ಮುಂದಕ್ಕೆ ಚಾಚಲಿಲ್ಲ. ಮೊಣಕಾಲಿನ ಮೇಲೆ ಕೈಯಿಟ್ಟು, ಅಂಗೈ ತೆರೆದು, ಏನೋ ಬೀಳಲೆಂದು ಕಾಯುವವರ ಹಾಗೆ ಕೂತರು.

ಶೂಹೇ ಕೈಲಿದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಎಸೆದ. ಮೊಣಕೈಯಿಂದ ಭುಜದವರೆಗೆ ಕಾದ ತಂತಿ ಎಳೆದಂತಾಯಿತು. ಚೆಂಡು ನೇರವಾಗಿಯೇ ಹೋಯಿತು, ಹೋಗಿ ಗವಸಿನ ನಡುವೆ ಬಿತ್ತು.

ತುಪ್ ಎಂದಿತು. ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಇಟ್ಟಷ್ಟು. ಮಾಡಿನ ತಗಡಿನವರೆಗೂ ಹೋಗಲಿಲ್ಲ.

ಶೂಹೇ ಅದನ್ನು ಕಣ್ಣು ತೆರೆದುಕೊಂಡೇ ಕೇಳಿದ.

ಮಂಜಿನಲ್ಲಿ ಹೆಜ್ಜೆ ನಿಂತವು. ಉಜಿಹಾರಾ ತಿರುಗಲಿಲ್ಲ. "ಯಾರದು?" ಎಂದರು, ಬೆನ್ನು ಹಾಕಿಕೊಂಡೇ. "ಈ ವರ್ಷ ಬಂದ ಹುಡುಗನಾ? ತೊಕುನಾಗಾ, ಆ ಕೈ ಕೆಟ್ಟಿದೆ. ಇವತ್ತೇ ಡಾಕ್ಟರ ಹತ್ರ ಕಳ್ಸು. ಇನ್ನೊಂದು ಚೆಂಡು ಎಸೆಯಕ್ಕೆ ಬಿಡ್ಬೇಡ."

ತೊಕುನಾಗಾ ಶೂಹೇಯ ಕಡೆ ನೋಡಿದರು. ತಾನು ಸುಮ್ಮನಿದ್ದರೆ ಆ ಹೆಜ್ಜೆಗಳು ಮತ್ತೆ ಆಫೀಸಿನ ಕಡೆಗೆ ನಡೆಯುತ್ತವೆ. ಹೊಸ ಹುಡುಗನೊಬ್ಬ ಸುಮ್ಮಸುಮ್ಮನೆ ಒಂದು ದಿನ ಆಸ್ಪತ್ರೆಗೆ ಹೋಗಿ ಬರುತ್ತಾನೆ. ಶನಿವಾರ ರೈಲು ಹೊರಡುತ್ತದೆ. ಇಷ್ಟೆಲ್ಲ ಶೂಹೇಗೆ ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹೊಳೆಯಿತು.

"ನಾನು, ಕೋಚ್," ಎಂದ. ದನಿ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಮಿನೆಗಿಶಿ."

ಮಾಡಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಉಜಿಹಾರಾ ತಿರುಗಿ, ದಿಬ್ಬದ ಮೇಲೆ ನಿಂತವನನ್ನು, ಅವನ ಇಳಿಬಿದ್ದ ಬಲಗೈಯನ್ನು, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತ ನಿಂತರು.

ತೊಕುನಾಗಾ ಚೆಂಡನ್ನು ವಾಪಸ್ ಎಸೆಯಲಿಲ್ಲ. ಎದ್ದು, ಮಂಡಿಯ ಮಣ್ಣು ಕೊಡವಿ, ಆ ಹದಿನೆಂಟು ಮೀಟರನ್ನು ನಡೆದು ಬಂದರು. ಶೂಹೇ ಚೆಂಡು ತೆಗೆದುಕೊಳ್ಳಲು ಬಲಗೈ ಚಾಚಿದ. ಚೆಂಡು ಅಂಗೈಗೆ ಬಂತು, ಬೆರಳುಗಳು ಮುಚ್ಚಿಕೊಳ್ಳಲಿಲ್ಲ. ತೊಕುನಾಗಾ ತಮ್ಮ ಸೊಟ್ಟ ಬೆರಳಿನ ಕೈಯಿಂದ ಅವುಗಳನ್ನು ಒಂದೊಂದಾಗಿ, ಮೆಲ್ಲಗೆ, ಚೆಂಡಿನ ಮೇಲೆ ಮಡಿಸತೊಡಗಿದರು.